ಓರಂಗಿಯ ಓಣಿಗಳು: ನಗರಸುಧಾರಣೆಯಲ್ಲಿ ಸ್ವಯಂಸೇವೆಯ ಒಂದು ಪ್ರಯೋಗ

ನಗರಗಳ ಸುಧಾರಣೆಯನ್ನು ಕುರಿತ ಚರ್ಚೆಯಲ್ಲಿ ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಕಂದಾಯ ತೆರುವವರು ಪ್ರಜೆಗಳು. ಬೀದಿ, ನೀರು, ಚರಂಡಿಗಳನ್ನು ನೋಡಿಕೊಳ್ಳುವುದು ಪೌರಸಂಸ್ಥೆಯ ಕರ್ತವ್ಯ. ಅದರಲ್ಲಿ ಜನರು ಕೈಹಾಕಬೇಕಾದುದಿಲ್ಲ ಎಂಬುದು ಒಂದು. ಸರ್ಕಾರವನ್ನು ಕಾದು ಕುಳಿತರೆ ಏನೂ ಆಗದು. ಊರಿನ ಜನರೇ ಸಂಘ ಕಟ್ಟಿಕೊಂಡು ಮುಂದೆ ಬರಬೇಕು ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವುಂಟು, ಎರಡೂ ಅಪೂರ್ಣ. ಮೊದಲನೆಯದನ್ನು ನಂಬಿದವರು ತಲೆಮಾರುಗಟ್ಟಲೆ ಕಾಯುತ್ತಾರೆ. ಎರಡನೆಯದನ್ನು ನಂಬಿದವರು ಉತ್ಸಾಹದಿಂದ ಆರಂಭಿಸಿ, ತಮ್ಮ ಕೈಯಿಂದ ಆಗುವ ಕೆಲಸ ಯಾವುದು, ಆಗದ ಕೆಲಸ ಯಾವುದು ಎಂಬುದನ್ನು ವಿಂಗಡಿಸದೆ, ಕೆಲವೇ ತಿಂಗಳುಗಳಲ್ಲಿ ದಣಿಯುತ್ತಾರೆ. ಹಾಗಾದರೆ ಸ್ವಯಂಸೇವೆಯ ನಾಯಕತ್ವ ಯಾವ ಸಂದರ್ಭಗಳಲ್ಲಿ ಬಾಳಿಕೆ ಬರುತ್ತದೆ? ಅದರ ಎಲ್ಲೆ ಯಾವುದು? ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಕೇಳಲೇಬೇಕಾದ ಪ್ರಶ್ನೆಗಳಿವು. ಇವಕ್ಕೆ ಖಚಿತವಾದ ಉತ್ತರವನ್ನು ಕೊಡಬಲ್ಲ ಪ್ರಯೋಗವೊಂದು ಪಾಕಿಸ್ತಾನದ ಕರಾಚಿ ನಗರದ ಓರಂಗಿ ಎಂಬ ಬಡಾವಣೆಯಲ್ಲಿ ೧೯೮೦ರಲ್ಲಿ ಮೊದಲಾಯಿತು. ಅದರ ಸ್ವರೂಪವನ್ನು ವಿವರಿಸಿ, ಅದರಿಂದ ಹೊರಡುವ ತತ್ತ್ವವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

೧. ಸ್ಥಳ ಮತ್ತು ಸನ್ನಿವೇಶ

ಓರಂಗಿಯು ಕರಾಚಿಯ ವಾಯವ್ಯ ಭಾಗದಲ್ಲಿ ಗುಡ್ಡಗಳ ತಪ್ಪಲಿನಲ್ಲಿ ಹಬ್ಬಿಕೊಂಡಿರುವ ಪ್ರದೇಶ. ಅಲ್ಲಿ ಜನವಸತಿ ೧೯೬೫ರ ಸುಮಾರಿನಲ್ಲಿ ಪ್ರಾರಂಭವಾಯಿತು. ೧೯೭೧ರಲ್ಲಿ ಬಾಂಗ್ಲಾದೇಶವು ಪ್ರತ್ಯೇಕ ರಾಷ್ಟ್ರವಾದ ತರುವಾಯ ಅಲ್ಲಿಂದ ವಲಸೆ ಬಂದ ಉರ್ದು ಭಾಷಿಕ ಬಿಹಾರಿಗಳು, ಪಠಾಣರು, ಪಂಜಾಬಿಗಳು, ಸಿಂಧಿಗಳು, ಬಲೂಚಿಗಳು ಇಲ್ಲಿ ನೆಲೆಸಿದರು. ಇವರಲ್ಲಿ ಹೆಚ್ಚಿನವರು ಕೂಲಿಕಾರರು, ನೇಕಾರರು, ಸಣ್ಣ ಅಂಗಡಿಕಾರರು. ಸರ್ಕಾರದ ಭೂಮಿಯನ್ನು ದಲ್ಲಾಳಿಗಳು ತುಂಡುತುಂಡಾಗಿ ವಿಂಗಡಿಸಿ ಇವರಿಗೆ ಮಾರಿದರು. ಇಂತಹ ಅನಧಿಕೃತ ವಸತಿಗೆ ಅಲ್ಲಿ ‘ಕಚ್ಚೀ ಆಬಾದಿ’ ಎಂದು ಹೆಸರು. ಎಂದಾದರೊಂದು ದಿನ ಸರ್ಕಾರವು ಈ ವಸತಿಗೆ ಮನ್ನಣೆ ಕೊಟ್ಟೀತೆಂಬ ಲೆಕ್ಕಾಚಾರದಿಂದ ದಲ್ಲಾಳಿಗಳು ನೆಲವನ್ನು ಚೌಕಟ್ಟಾಗಿ ಅಳೆದು, ನೇರವಾದ ಓಣಿಗಳನ್ನು ಬಿಟ್ಟಿದ್ದರು. ಮುಂದಿನ ಕಥೆಗೆ ಈ ಅಂಶ ಮುಖ್ಯ.

ಜನರು ತಮ್ಮ ಮನೆಗಳನ್ನು ತಾವೇ ಕಟ್ಟಿಕೊಂಡರು. ಸಿಮೆಂಟ್ ಇಟ್ಟಿಗೆ ಮಾಡುವ ಅಂಗಡಿಯವನು ಸಾಲವಾಗಿ ಸಾಮಗ್ರಿ ಕೊಡುತ್ತಿದ್ದನು. ಗಾರೆ ಕೆಲಸವನ್ನೂ ಹೇಳಿಕೊಡುತ್ತಿದ್ದನು. ಆದರೆ ಮನೆಯೊಳಗಿನ ಶ್ರಮವೆಲ್ಲ ಹೊಸ್ತಿಲ ಹೊರಗೆ ವ್ಯರ್ಥವಾಗುತ್ತಿತ್ತು. ಬಚ್ಚಲು ನೀರು ಓಣಿಯ ನಡುವೆ ನಿಲ್ಲುತ್ತಿತ್ತು. ಮಲವಿಸರ್ಜನೆಗೆ ಬಕೆಟ್ ಕಕ್ಕಸುಗಳೋ, ಬಹು ಬೇಗ ತುಂಬಿಹೋಗುವ ಇಂಗುಗುಂಡಿಗಳೋ ಇದ್ದವು. ಗೋಡೆಗಳ ಬುಡ ತೇವದಿಂದ ಸವೆಯುತ್ತಿತ್ತು. ವಿಷಮಶೀತ ಜ್ವರ, ಮಲೇರಿಯಾ, ಅತಿಸಾರ, ಕಜ್ಜಿಗಳು ಮನೆಮನೆಯಲ್ಲಿದ್ದವು. ಔಷಧಕ್ಕೂ ಗೋಡೆಯ ದುರಸ್ತಿಗೂ ಒಂದು ಸಂಸಾರ ಮಾಡುತ್ತಿದ್ದ ವೆಚ್ಚ ಕಡಿಮೆಯದಾಗಿರಲಿಲ್ಲ. ಅದು ಬಿಡಿಬಿಡಿಯಾಗಿ ಹೋಗುತ್ತಿದ್ದುದರಿಂದ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ.

೨. ಅಖ್ತರ್ ಹಮೀದ್ ಖಾನ್ ಮತ್ತು ಪ್ರಯೋಗದ ಆರಂಭ

ಈ ಪ್ರಯೋಗಕ್ಕೆ ಕಾರಣಪುರುಷರು ಅಖ್ತರ್ ಹಮೀದ್ ಖಾನ್ (೧೯೧೪–೧೯೯೯). ಇವರು ಐ.ಸಿ.ಎಸ್. ಅಧಿಕಾರಿಗಳಾಗಿದ್ದವರು. ೧೯೪೩ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡ ಮೇಲೆ ೧೯೪೫ರಲ್ಲಿ ಆ ಹುದ್ದೆಯನ್ನು ತ್ಯಜಿಸಿ, ಆಲೀಗಢದ ಸಮೀಪದಲ್ಲಿ ಕೆಲಕಾಲ ಕೂಲಿಯಾಗಿಯೂ ಬೀಗ ಮಾಡುವವರಾಗಿಯೂ ದುಡಿದರು. ಅನಂತರ ಪೂರ್ವ ಬಂಗಾಳದ ಕೊಮಿಲ್ಲಾದಲ್ಲಿ ಕಾಲೇಜಿನ ಪ್ರಾಚಾರ್ಯರಾಗಿದ್ದು, ೧೯೫೯ರಲ್ಲಿ ಅಲ್ಲಿನ ಗ್ರಾಮಾಭಿವೃದ್ಧಿ ಅಕಾಡೆಮಿಯ ನಿರ್ದೇಶಕರಾದರು. ೧೯೬೩ರಲ್ಲಿ ಇವರಿಗೆ ರಾಮೊನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ೧೯೮೦ರಲ್ಲಿ ಬಿ.ಸಿ.ಸಿ.ಐ. ಬ್ಯಾಂಕಿನ ಧರ್ಮಸಂಸ್ಥೆಯು ಓರಂಗಿಯಲ್ಲಿ ಏನಾದರೂ ಮಾಡಬೇಕೆಂದು ಇವರನ್ನು ಕೇಳಿಕೊಂಡಿತು. ಇವರು ಒಪ್ಪಿದರು. ‘ಓರಂಗಿ ಪೈಲಟ್ ಪ್ರಾಜೆಕ್ಟ್’ ಎಂಬ ಸಂಸ್ಥೆ ಹುಟ್ಟಿದುದು ಹೀಗೆ.

ಖಾನ್ ಅವರು ಮೊದಲ ತಿಂಗಳುಗಳಲ್ಲಿ ಯಾವ ಯೋಜನೆಯನ್ನೂ ಪ್ರಕಟಿಸಲಿಲ್ಲ. ಓಣಿಗಳಲ್ಲಿ ತಿರುಗಾಡುತ್ತ, ಜನರೊಡನೆ ಮಾತನಾಡುತ್ತ, ಅವರು ತಾವಾಗಿಯೇ ಏನನ್ನು ಮಾಡಿಕೊಳ್ಳುತ್ತಿದ್ದಾರೆ ಎಂಬುದನ್ನು ಗಮನಿಸಿದರು. ಜನರು ಮುಖ್ಯವಾಗಿ ಹೇಳಿಕೊಂಡ ಕಷ್ಟಗಳು ನಾಲ್ಕು: ಚರಂಡಿ, ಉದ್ಯೋಗ, ಆರೋಗ್ಯ, ಶಿಕ್ಷಣ. ಇವುಗಳಲ್ಲಿ ಚರಂಡಿಯನ್ನೇ ಮೊದಲು ಕೈಗೆತ್ತಿಕೊಳ್ಳಲು ಕಾರಣವೇನೆಂದರೆ, ಉಳಿದ ಮೂರಕ್ಕೆ ಜನರು ಹೇಗೋ ಒಂದು ದಾರಿಯನ್ನು ಹುಡುಕಿಕೊಂಡಿದ್ದರು. ಚರಂಡಿಯ ವಿಷಯದಲ್ಲಿ ಮಾತ್ರ ಒಬ್ಬೊಬ್ಬರು ಪ್ರತ್ಯೇಕವಾಗಿ ಮಾಡಬಹುದಾದುದು ಏನೂ ಇರಲಿಲ್ಲ. ಒಂದು ಮನೆಯವರು ತಮ್ಮ ನೀರನ್ನು ಹೊರಕ್ಕೆ ಬಿಟ್ಟರೆ ಅದು ನೆರೆಯವರ ಬಾಗಿಲಲ್ಲಿ ನಿಲ್ಲುವುದು.

೩. ನಾಲ್ಕು ಅಡ್ಡಿಗಳು

ಜನರು ಚರಂಡಿಯನ್ನು ತಾವೇ ಕಟ್ಟಿಕೊಳ್ಳದಿರಲು ನಾಲ್ಕು ಅಡ್ಡಿಗಳಿವೆಯೆಂದು ಸಂಸ್ಥೆಯವರು ನಿರ್ಣಯಿಸಿದರು. ಮೊದಲನೆಯದು ಮಾನಸಿಕ: ಇದು ಸರ್ಕಾರದ ಕೆಲಸ, ಸರ್ಕಾರ ಅದನ್ನು ಉಚಿತವಾಗಿ ಮಾಡಿಕೊಡುವುದು ಎಂಬ ನಂಬಿಕೆ. ಎರಡನೆಯದು ಆರ್ಥಿಕ: ಸರ್ಕಾರಿ ಕಾಮಗಾರಿಯ ದರದಲ್ಲಿ ಒಳಚರಂಡಿಯ ವೆಚ್ಚವನ್ನು ಬಡವರು ಭರಿಸಲಾರರು. ಮೂರನೆಯದು ತಾಂತ್ರಿಕ: ನೀರಿನ ವಾಟ ನೋಡಿ ಕೊಳವೆ ಇಡುವ ಜ್ಞಾನ ಅವರಲ್ಲಿರಲಿಲ್ಲ. ನಾಲ್ಕನೆಯದು ಸಾಮಾಜಿಕ: ಭಾಷೆ, ಪ್ರಾಂತ, ಪಂಗಡಗಳಿಂದ ಭಿನ್ನರಾದ ಜನರು ಒಂದು ಸಾಮೂಹಿಕ ಕಾರ್ಯಕ್ಕೆ ಒಟ್ಟುಗೂಡುವ ಸಂಘಟನೆ ಇರಲಿಲ್ಲ.

ಈ ವಿಂಗಡಣೆಯ ಪ್ರಯೋಜನವನ್ನು ನಾವು ಗಮನಿಸಬೇಕು. ಜನರು ಸೋಮಾರಿಗಳು, ಅವರಿಗೆ ನಾಗರಿಕ ಪ್ರಜ್ಞೆಯಿಲ್ಲ ಎಂದು ಹೇಳಿ ಮುಗಿಸುವುದು ಸುಲಭ. ಹಾಗೆ ಹೇಳಿದಲ್ಲಿ ಮುಂದೆ ಮಾಡಬೇಕಾದುದು ಉಪದೇಶವೊಂದೇ. ಆದರೆ ಅಡ್ಡಿಯನ್ನು ನಾಲ್ಕಾಗಿ ಒಡೆದು ನೋಡಿದರೆ, ಅದರಲ್ಲಿ ಎರಡು ಉಪದೇಶದಿಂದ ಸರಿಹೋಗತಕ್ಕವಲ್ಲ ಎಂದು ತಿಳಿಯುವುದು. ವೆಚ್ಚ ಇಳಿಯದಿದ್ದರೆ ಉತ್ಸಾಹ ಎಷ್ಟಿದ್ದರೂ ಚರಂಡಿ ಆಗದು.

ಆದುದರಿಂದ ಸಂಸ್ಥೆಯು ವೆಚ್ಚದ ಪರಿಶೋಧನೆಗೆ ತೊಡಗಿತು. ವಾಸ್ತುಶಿಲ್ಪಿ ಆರಿಫ್ ಹಸನ್ ಅವರು ಇದರಲ್ಲಿ ಸಲಹೆಗಾರರಾಗಿ ಕೂಡಿಕೊಂಡರು. ಗುತ್ತಿಗೆದಾರನ ಲಾಭ ಮತ್ತು ಅಧಿಕಾರಿಗಳಿಗೆ ಸಲ್ಲುವ ಲಂಚ ಇವೆರಡೂ ಬಿಟ್ಟುಹೋದರೆ ದರದಲ್ಲಿ ಬಹುಭಾಗ ತಾನಾಗಿ ಇಳಿಯುವುದು. ಓಣಿಗಳಲ್ಲಿ ಭಾರವಾದ ವಾಹನಗಳ ಸಂಚಾರವಿಲ್ಲವಾದುದರಿಂದ ಕೊಳವೆಗಳನ್ನು ಬಹಳ ಆಳದಲ್ಲಿ ಹೂಳಬೇಕಾದುದಿಲ್ಲ. ಮ್ಯಾನ್‌ಹೋಲುಗಳನ್ನು ಇಟ್ಟಿಗೆಯಿಂದ ಕಟ್ಟುವುದರ ಬದಲು ಉಕ್ಕಿನ ಅಚ್ಚುಗಳಲ್ಲಿ ಕಾಂಕ್ರೀಟ್ ಸುರಿದು ಸ್ಥಳದಲ್ಲಿಯೇ ಎರಕ ಹೊಯ್ಯಬಹುದು. ಅದೇ ಅಚ್ಚನ್ನು ಓಣಿಯಿಂದ ಓಣಿಗೆ ಒಯ್ಯಬಹುದು. ಪ್ರತಿ ಮನೆಯ ಕಕ್ಕಸಿಗೂ ಓಣಿಯ ಕೊಳವೆಗೂ ನಡುವೆ ‘ಹೌದಿ’ ಎಂದು ಅಲ್ಲಿ ಕರೆಯುವ ಸಣ್ಣ ತೊಟ್ಟಿಯೊಂದನ್ನು ಕಟ್ಟಿದರೆ ಗಟ್ಟಿ ಪದಾರ್ಥ ಅದರಲ್ಲಿ ತಂಗಿ, ಕೊಳವೆ ಕಟ್ಟಿಕೊಳ್ಳುವುದು ತಪ್ಪುವುದು. ಇವೆಲ್ಲದರ ಫಲವಾಗಿ, ಕಕ್ಕಸು ಮತ್ತು ಓಣಿಯ ಒಳಚರಂಡಿ ಎರಡೂ ಸೇರಿ ೧೯೮೦ರ ದಶಕದಲ್ಲಿ ಒಂದು ಮನೆಗೆ ಸುಮಾರು ಒಂದು ಸಾವಿರ ರೂಪಾಯಿಗಳಿಗೆ ಮುಗಿಯುವಂತಾಯಿತು. ಸರ್ಕಾರಿ ಕಾಮಗಾರಿಯ ದರ ಇದರ ಎಷ್ಟೋ ಪಟ್ಟು ಇದ್ದಿತು. ಗೋಡೆಯ ದುರಸ್ತಿಗೂ ಔಷಧಕ್ಕೂ ಖರ್ಚು ಮಾಡುತ್ತಿದ್ದ ಸಂಸಾರಕ್ಕೆ ಈ ಮೊತ್ತವು ಅಸಾಧ್ಯವೆಂದು ತೋರಲಿಲ್ಲ.

೪. ಓಣಿ ಮತ್ತು ಅದರ ಮುಖಂಡ

ಈಗ ಸಂಘಟನೆಯ ವಿಷಯ. ಸಂಸ್ಥೆಯವರು ಇಡೀ ಓರಂಗಿಗೆ ಒಂದು ದೊಡ್ಡ ಸಂಘವನ್ನು ಕಟ್ಟಲು ಹೋಗಲಿಲ್ಲ. ಇಪ್ಪತ್ತರಿಂದ ನಲವತ್ತು ಮನೆಗಳಿರುವ ಒಂದು ಓಣಿಯನ್ನೇ ಸಂಘಟನೆಯ ಘಟಕವೆಂದು ಆರಿಸಿಕೊಂಡರು. ಇದರ ಹಿಂದಿನ ತರ್ಕ ಸರಳವಾದುದು. ಒಂದು ಓಣಿಯಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುತ್ತದೆ. ಯಾರು ವಂತಿಗೆ ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಗುಟ್ಟಾಗಿ ಉಳಿಯುವುದಿಲ್ಲ. ಒಬ್ಬ ಹಣವನ್ನು ಮುಟ್ಟಿಕೊಂಡರೆ ಅವನು ಮರುದಿನವೂ ಅದೇ ಓಣಿಯಲ್ಲಿ ನಡೆದುಹೋಗಬೇಕು. ದೊಡ್ಡ ಸಂಘಗಳಲ್ಲಿ ನಿಯಮಾವಳಿ, ಲೆಕ್ಕಪರಿಶೋಧನೆಗಳಿಂದ ಆಗಬೇಕಾದ ಕೆಲಸವು ಇಲ್ಲಿ ನೆರೆಹೊರೆಯ ಕಣ್ಣಿನಿಂದಲೇ ಆಗುತ್ತದೆ. ಊರ ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತುವ ಪದ್ಧತಿಯನ್ನು ಬಲ್ಲ ನಮ್ಮ ಓದುಗರಿಗೆ ಈ ತರ್ಕ ಹೊಸದಲ್ಲ.

ಕೆಲಸದ ಕ್ರಮ ಹೀಗಿದ್ದಿತು. ಸಂಸ್ಥೆಯ ಸಂಘಟಕರು ಓಣಿಯಲ್ಲಿ ಸಭೆ ಸೇರಿಸಿ, ಚಿತ್ರಗಳನ್ನೂ ಮಾದರಿಗಳನ್ನೂ ತೋರಿಸಿ, ಒಳಚರಂಡಿಯಿಂದಾಗುವ ಲಾಭವನ್ನು ವಿವರಿಸುತ್ತಿದ್ದರು. ಹಣವನ್ನು ನಾವು ಕೊಡುವುದಿಲ್ಲ, ನಿಮ್ಮ ಹಣವನ್ನು ನಾವು ಮುಟ್ಟುವುದೂ ಇಲ್ಲ. ತಿಳಿವಳಿಕೆ ಮತ್ತು ಸಲಕರಣೆಗಳು ಮಾತ್ರ ನಮ್ಮವು ಎಂದು ಮೊದಲೇ ಸ್ಪಷ್ಟಪಡಿಸುತ್ತಿದ್ದರು. ಓಣಿಯವರು ಒಪ್ಪಿದರೆ ತಮ್ಮಲ್ಲಿಯೇ ಒಬ್ಬರನ್ನು ಮುಖಂಡರನ್ನಾಗಿ ಆರಿಸಿ, ಸಹಾಯ ಬೇಕೆಂದು ಬರೆದುಕೊಡಬೇಕು. ಆಮೇಲೆ ಸಂಸ್ಥೆಯ ತಂತ್ರಜ್ಞರು ಬಂದು ನೆಲದ ಮಟ್ಟವನ್ನು ಅಳೆದು, ನಕ್ಷೆ ಮತ್ತು ಅಂದಾಜುಪಟ್ಟಿಯನ್ನು ತಯಾರಿಸಿ ಮುಖಂಡನ ಕೈಗೆ ಕೊಡುವರು. ಮುಖಂಡನು ಮನೆಮನೆಯಿಂದ ವಂತಿಗೆ ಎತ್ತಿ, ಸಾಮಗ್ರಿ ತರಿಸಿ, ಕೆಲಸವನ್ನು ಹಂಚುವನು. ಕೆಲವರು ತಾವೇ ಅಗೆಯುವರು. ಕೆಲವರು ಕೂಲಿಯವರನ್ನು ಇಟ್ಟುಕೊಳ್ಳುವರು. ತೋಡಿದ ಕಾಲುವೆ ಯಾರ ಬಾಗಿಲ ಮುಂದೆ ಹೋಗಬೇಕು, ಬಡ ವಿಧವೆಯೊಬ್ಬಳ ಪಾಲನ್ನು ಯಾರು ಭರಿಸಬೇಕು ಎಂಬಂತಹ ತಕರಾರುಗಳನ್ನು ತೀರ್ಮಾನಿಸುವುದೂ ಓಣಿಗೇ ಬಿಟ್ಟದ್ದು. ಈ ಮುಖಂಡನಿಗೆ ಸಂಬಳವಿಲ್ಲ, ಗೌರವಧನವೂ ಇಲ್ಲ.

ಆರಂಭದಲ್ಲಿ ಎಲ್ಲವೂ ಸರಾಗವಾಗಿ ನಡೆಯಿತೆಂದು ತಿಳಿಯಬಾರದು. ಅಭ್ಯಾಸವಿಲ್ಲದ ಕೈಗಳು ಕಲಸಿದ ಕಾಂಕ್ರೀಟು ಕೆಲವೆಡೆ ಬಿರಿಯಿತು. ಜನರು ಅದಕ್ಕೆ ನೀರುಣಿಸಿ ಹದಗೊಳಿಸುವ ತಾಳ್ಮೆಯನ್ನು ತೋರಲಿಲ್ಲ. ಸಂಸ್ಥೆಯವರು ಇದನ್ನು ಜನರ ದೋಷವೆಂದು ಬಗೆಯದೆ ಬೋಧನೆಯ ಕೊರತೆಯೆಂದು ಬಗೆದು, ಸುಲಭವಾದ ಕೈಪಿಡಿಗಳನ್ನು ರಚಿಸಿದರು. ಇಡೀ ಪ್ರದೇಶದ ನಕ್ಷೆಯಿಲ್ಲದಿದ್ದುದು ಇನ್ನೊಂದು ತೊಡಕು. ವಾಸ್ತುಶಿಲ್ಪ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ನೆರವಿನಿಂದ ಮೋಜಣಿ ನಡೆಸಿ, ಮಟ್ಟದ ಗುರುತುಗಳನ್ನು ಹಾಕಿ ಆ ಕೊರತೆಯನ್ನು ತುಂಬಿಕೊಂಡರು.

ಒಂದು ಓಣಿ ಒಣಗಿದುದನ್ನು ಕಂಡು ಪಕ್ಕದ ಓಣಿಯವರು ಬಂದು ಕೇಳತೊಡಗಿದರು. ಹೊಲಸಿನ ಭಾರವನ್ನು ದಿನವಿಡೀ ಹೊರುತ್ತಿದ್ದವರೂ ಮಕ್ಕಳ ಕಾಯಿಲೆಯನ್ನು ನೋಡಿಕೊಳ್ಳುತ್ತಿದ್ದವರೂ ಹೆಂಗಸರೇ ಆದುದರಿಂದ ಅನೇಕ ಓಣಿಗಳಲ್ಲಿ ಗಂಡಸರನ್ನು ಕೆಲಸಕ್ಕೆ ಎಬ್ಬಿಸಿದವರೂ ಅವರೇ. ಶತಮಾನದ ಅಂತ್ಯದ ಹೊತ್ತಿಗೆ ಸುಮಾರು ಆರು ಸಾವಿರ ಓಣಿಗಳಲ್ಲಿ ತೊಂಬತ್ತು ಸಾವಿರದಷ್ಟು ಮನೆಗಳಿಗೆ ಒಳಚರಂಡಿಯಾಗಿತ್ತು. ಜನರು ತಮ್ಮ ಕೈಯಿಂದ ಹಾಕಿದ ಹಣ ಸುಮಾರು ಎಂಟು ಕೋಟಿ ರೂಪಾಯಿ.

೫. ಒಳಭಾಗ ಮತ್ತು ಹೊರಭಾಗ

ಇಲ್ಲಿ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಓಣಿಯ ಕೊಳವೆ ಎಲ್ಲಿಯಾದರೂ ಹೋಗಿ ಸೇರಬೇಕಲ್ಲ? ಓರಂಗಿಯ ನೆಲ ಇಳಿಜಾರಾದುದು. ನಡುನಡುವೆ ಮಳೆನೀರಿನ ಸ್ವಾಭಾವಿಕ ಹಳ್ಳಗಳಿವೆ. ಮೊದಮೊದಲು ಹಳ್ಳಗಳಿಗೆ ಹತ್ತಿರವಿದ್ದ ಓಣಿಗಳು ತಮ್ಮ ಚರಂಡಿಯನ್ನು ನೇರವಾಗಿ ಅಲ್ಲಿಗೆ ಬಿಟ್ಟವು. ದೂರದ ಓಣಿಗಳು ಕೆಲವು ಒಂದಾಗಿ ಕೂಡಿ, ನಡುವೆ ದೊಡ್ಡ ಕೊಳವೆಯೊಂದನ್ನು ಹಾಕಿಕೊಂಡವು. ಆದರೆ ಹಳ್ಳವನ್ನು ಕಟ್ಟುವುದು, ನಗರದ ಮುಖ್ಯ ಕೊಳವೆಗೆ ಜೋಡಿಸುವುದು, ಕೊಳಚೆಯನ್ನು ಶುದ್ಧೀಕರಿಸುವುದು ಯಾವ ಓಣಿಯಿಂದಲೂ ಸಾಧ್ಯವಿಲ್ಲ.

ಈ ಅನುಭವದಿಂದ ಒಂದು ಸಿದ್ಧಾಂತ ರೂಪುಗೊಂಡಿತು. ಚರಂಡಿ ವ್ಯವಸ್ಥೆಗೆ ನಾಲ್ಕು ಅಂಗಗಳು: ಮನೆಯ ಕಕ್ಕಸು, ಓಣಿಯ ಕೊಳವೆ, ಓಣಿಗಳನ್ನು ಕೂಡಿಸುವ ಕೊಳವೆ, ಮತ್ತು ಮುಖ್ಯ ಕೊಳವೆಯೊಡನೆ ಶುದ್ಧೀಕರಣ ಸ್ಥಾವರ. ಮೊದಲ ಮೂರು ‘ಒಳಭಾಗ’. ಅವನ್ನು ಜನರು ತಮ್ಮ ಹಣದಿಂದ, ತಮ್ಮ ಆಡಳಿತದಲ್ಲಿ ಮಾಡಬಲ್ಲರು. ನಾಲ್ಕನೆಯದು ‘ಹೊರಭಾಗ’, ಅದು ಸರ್ಕಾರದ ಹೊಣೆ. ನಮ್ಮ ದೃಷ್ಟಿಯಲ್ಲಿ ಓರಂಗಿಯ ಮುಖ್ಯವಾದ ಕೊಡುಗೆ ಈ ಗೆರೆಯೇ. ಇದರಿಂದ ಜನರಿಗೆ ತಮ್ಮ ಪಾಲು ಎಲ್ಲಿ ಮುಗಿಯುವುದೆಂದು ತಿಳಿಯಿತು. ಸರ್ಕಾರದ ಪಾಲನ್ನು ನಿರ್ದಿಷ್ಟವಾಗಿ ಹೆಸರಿಸಿ ಕೇಳುವ ಶಕ್ತಿಯೂ ಬಂದಿತು. ಚರಂಡಿ ಮಾಡಿಕೊಡಿರೆಂದು ಬೇಡುವವನಿಗೂ, ‘ನಮ್ಮ ಓಣಿಗಳಲ್ಲಿ ಕೆಲಸ ಮುಗಿದಿದೆ, ಇಗೋ ನಕ್ಷೆ, ಇಂತಹ ಹಳ್ಳದಲ್ಲಿ ಇಷ್ಟು ಉದ್ದದ ಕಾಮಗಾರಿ ನಿಮ್ಮದು’ ಎಂದು ಹೇಳುವವನಿಗೂ ಬಹಳ ಅಂತರವುಂಟು.

ನಕ್ಷೆಯ ಈ ಮಹತ್ತ್ವವನ್ನು ಚೆನ್ನಾಗಿ ಅರಿತವರು ವಾಸ್ತುಶಿಲ್ಪಿ ಪರ್ವೀನ್ ರೆಹಮಾನ್. ಎಂಬತ್ತರ ದಶಕದ ಆದಿಯಲ್ಲಿ ಸಂಸ್ಥೆಯನ್ನು ಸೇರಿದ ಇವರು, ೧೯೮೮ರಲ್ಲಿ ಅದರ ಸಂಶೋಧನ ಮತ್ತು ತರಬೇತಿ ಸಂಸ್ಥೆ ಬೇರೆಯಾದಾಗ ಅದರ ಹೊಣೆ ಹೊತ್ತರು. ಬಡಾವಣೆಗಳ ತರುಣರಿಗೆ ಮೋಜಣಿ ಕಲಿಸಿ, ಕರಾಚಿಯ ಕಚ್ಚೀ ಆಬಾದಿಗಳನ್ನೂ ಹಳ್ಳಗಳನ್ನೂ ಒಂದೊಂದಾಗಿ ನಕ್ಷೆಗಿಳಿಸಿದರು. ನಗರದ ಕೊಳಚೆಯ ಬಹುಭಾಗ ಈ ಹಳ್ಳಗಳಲ್ಲಿಯೇ ಹರಿಯುತ್ತಿದೆ, ಅವನ್ನು ಬದಿಗಿರಿಸಿ ಹೊಸ ಕೊಳವೆಗಳನ್ನು ಹಾಕುವುದು ದುಂದುವೆಚ್ಚ ಎಂದು ಇದರಿಂದ ಸಿದ್ಧವಾಯಿತು. ಕೋರಂಗಿ ಎಂಬ ಇನ್ನೊಂದು ಭಾಗಕ್ಕೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ದೊಡ್ಡ ಚರಂಡಿ ಯೋಜನೆಯೊಂದು ಸಿದ್ಧವಾದಾಗ, ಸಂಸ್ಥೆಯು ಕಡಮೆ ವೆಚ್ಚದ ಪರ್ಯಾಯವನ್ನು ಮುಂದಿಟ್ಟಿತು. ೧೯೯೯ರಲ್ಲಿ ಸಿಂಧ್ ಪ್ರಾಂತದ ಸರ್ಕಾರವು ಆ ಸಾಲವನ್ನು ಕೈಬಿಟ್ಟಿತು. ಮುಂದೆ ಪರ್ವೀನ್ ಅವರು ಕುಡಿಯುವ ನೀರನ್ನು ಕದ್ದು ಟ್ಯಾಂಕರುಗಳಲ್ಲಿ ಮಾರುವ ಸ್ಥಳಗಳನ್ನೂ ನಗರದಂಚಿನ ಹಳ್ಳಿಗಳ ಭೂಮಿಯನ್ನೂ ಇದೇ ರೀತಿ ದಾಖಲಿಸತೊಡಗಿದರು. ೨೦೧೩ರ ಮಾರ್ಚ್ ೧೩ರಂದು ಕರಾಚಿಯಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ನಕ್ಷೆ ಬರೆಯುವುದು ನಿರುಪದ್ರವಿಯಾದ ಕೆಲಸವೆಂದು ಎಣಿಸುವವರು ಈ ಸಂಗತಿಯನ್ನು ಮರೆಯಬಾರದು.

೬. ಎರಡು ಆಕ್ಷೇಪಗಳು

ಈ ಪ್ರಯೋಗದ ಬಗ್ಗೆ ಎತ್ತಲಾದ ಆಕ್ಷೇಪಗಳಲ್ಲಿ ಎರಡು ಗಂಭೀರವಾದವು. ಮೊದಲನೆಯದು ನ್ಯಾಯಕ್ಕೆ ಸಂಬಂಧಿಸಿದುದು. ಶ್ರೀಮಂತರ ಬಡಾವಣೆಗಳಿಗೆ ಸಾರ್ವಜನಿಕ ಹಣದಿಂದ ಒಳಚರಂಡಿಯಾಗುವಾಗ, ಬಡವರು ಮಾತ್ರ ತಮ್ಮ ಜೇಬಿನಿಂದ ಏಕೆ ಕೊಡಬೇಕು? ಸ್ವಯಂಸೇವೆಯ ಹೆಸರಿನಲ್ಲಿ ಸರ್ಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳುವುದಿಲ್ಲವೆ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬಡವರು ಕೊಟ್ಟದ್ದು ನ್ಯಾಯವೆಂದು ನಾವು ಹೇಳಲಾರೆವು. ಕೊಡದಿದ್ದರೆ ಅವರ ಮಕ್ಕಳು ಆ ಹೊಲಸಿನಲ್ಲಿಯೇ ಬೆಳೆಯುತ್ತಿದ್ದರು ಎಂಬುದು ಮಾತ್ರ ನಿಜ. ಹೊರಭಾಗವು ಸರ್ಕಾರದ್ದೆಂಬ ಗೆರೆಯನ್ನು ಬಿಡದೆ ಹಿಡಿದುದರಿಂದ ಈ ಅನ್ಯಾಯವು ಒಂದು ಮಿತಿಯಲ್ಲಿ ನಿಂತಿತು ಎನ್ನಬಹುದು.

ಎರಡನೆಯ ಆಕ್ಷೇಪ ಫಲಕ್ಕೆ ಸಂಬಂಧಿಸಿದುದು. ಓಣಿಗಳು ಒಣಗಿದವು, ನಿಜ. ಆದರೆ ಹಳ್ಳಗಳಿಗೆ ಬಿಟ್ಟ ಕೊಳಚೆಯ ಬಹುಭಾಗ ಶುದ್ಧವಾಗದೆಯೇ ಸಮುದ್ರವನ್ನು ಸೇರುತ್ತ ಬಂದಿದೆ. ಹಳ್ಳಗಳನ್ನು ಸುಸ್ಥಿತಿಯಲ್ಲಿ ಇಡಬೇಕಾದವರು ಇಡಲಿಲ್ಲ. ೨೦೨೦ರ ಆಗಸ್ಟಿನಲ್ಲಿ ಕರಾಚಿಯು ಭಾರಿ ಮಳೆಯಿಂದ ಮುಳುಗಿತು. ಅದರ ತರುವಾಯ ೨೦೨೧ರಲ್ಲಿ ಗುಜ್ಜರ್ ಮತ್ತು ಓರಂಗಿ ಹಳ್ಳಗಳ ದಂಡೆಯ ಸಾವಿರಾರು ಮನೆಗಳನ್ನು ಕೆಡವಲಾಯಿತು. ಒಳಭಾಗವನ್ನು ಜನರು ಎಷ್ಟೇ ಶ್ರದ್ಧೆಯಿಂದ ಮುಗಿಸಿದರೂ ಹೊರಭಾಗದ ವೈಫಲ್ಯದ ಬೆಲೆಯನ್ನು ತೆತ್ತವರು ಮತ್ತೆ ಬಡವರೇ. ಇದು ಸ್ವಯಂಸೇವೆಯ ಸೋಲಲ್ಲ, ಅದರ ಎಲ್ಲೆ.

೭. ಉಪಸಂಹಾರ

ಮೇಲ್ಕಂಡ ವಿವರಣೆಯಿಂದ ಮೂರು ಅಂಶಗಳು ಹೊರಡುತ್ತವೆ. ಒಂದನೆಯದಾಗಿ, ಸಂಬಳವಿಲ್ಲದ ನಾಯಕತ್ವ ಬಾಳಿಕೆ ಬರಬೇಕಾದರೆ ಘಟಕವು ಚಿಕ್ಕದಿರಬೇಕು. ಕೆಲಸಕ್ಕೆ ಒಂದು ಆದಿ, ಒಂದು ಅಂತ್ಯ ಇರಬೇಕು. ಲೆಕ್ಕ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು. ಓಣಿಯ ಮುಖಂಡನಿಂದ ಆಜೀವ ತ್ಯಾಗವನ್ನು ಯಾರೂ ಕೇಳಲಿಲ್ಲ. ಕೆಲವು ತಿಂಗಳ ಶ್ರಮವನ್ನು ಮಾತ್ರ ಕೇಳಿದರು. ಎರಡನೆಯದಾಗಿ, ಸದುದ್ದೇಶವು ಜ್ಞಾನದ ಸ್ಥಾನವನ್ನು ತುಂಬಲಾರದು. ವೆಚ್ಚವನ್ನು ಇಳಿಸಿದ ಪರಿಶೋಧನೆ, ವಾಟವನ್ನು ತೋರಿಸಿದ ನಕ್ಷೆ, ಉಕ್ಕಿನ ಅಚ್ಚು, ಇವಿಲ್ಲದಿದ್ದರೆ ಸಭೆಗಳು ಸಭೆಗಳಾಗಿಯೇ ಉಳಿಯುತ್ತಿದ್ದವು. ಮೂರನೆಯದಾಗಿ, ಜನರ ಪಾಲು ಮತ್ತು ಸರ್ಕಾರದ ಪಾಲು ಎಂಬ ಗೆರೆಯನ್ನು ಕೆಲಸದ ಆರಂಭದಲ್ಲಿಯೇ ಎಳೆಯಬೇಕು. ಗೆರೆಯಿಲ್ಲದ ಸ್ವಯಂಸೇವೆಯು ಸರ್ಕಾರದ ಆಲಸ್ಯಕ್ಕೆ ಆಸರೆಯಾಗುವುದು.

ಓರಂಗಿಯಲ್ಲಿದ್ದ ಅನುಕೂಲಗಳು ಎಲ್ಲೆಡೆಯೂ ಇರುವುದಿಲ್ಲ. ಅಲ್ಲಿನ ಇಳಿಜಾರು, ನೇರವಾದ ಓಣಿಗಳು, ಮನೆ ತಮ್ಮದೇ ಆಗಿ ಉಳಿಯುವುದೆಂಬ ಜನರ ಭರವಸೆ ಇವು ಪ್ರಯೋಗಕ್ಕೆ ಸಹಾಯಕವಾದವು. ಬಾಡಿಗೆದಾರರೇ ತುಂಬಿರುವ ಬೀದಿಯಲ್ಲಿ ಇದೇ ಕ್ರಮವನ್ನು ಅನುಸರಿಸಿದರೆ ಇದೇ ಫಲ ದೊರೆಯುವುದೆಂದು ಹೇಳಲಾಗದು. ಆದರೆ ಕೆಲಸಕ್ಕೆ ಮುಂಚೆ ಅಡ್ಡಿಗಳನ್ನು ವಿಂಗಡಿಸುವುದು, ನೆಲವನ್ನು ಅಳೆಯುವುದು, ಹೊಣೆಯ ಗೆರೆಯನ್ನು ಎಳೆಯುವುದು ಯಾವ ಊರಿನಲ್ಲಿಯಾದರೂ ಸಾಧ್ಯ. ಇವುಗಳಲ್ಲಿ ನೆಲವನ್ನು ಅಳೆದು ನಕ್ಷೆ ಮಾಡುವ ಕಾರ್ಯವು ಅಲ್ಲಿ ವಿದ್ಯಾರ್ಥಿಗಳಿಂದ ಆಯಿತೆಂಬುದನ್ನು ನಮ್ಮ ಕಾಲೇಜುಗಳ ಅಧ್ಯಾಪಕರು ಗಮನಿಸಬೇಕೆಂದು ನಾವು ಸೂಚಿಸುತ್ತೇವೆ. ಕಾಲೇಜಿನ ಸುತ್ತಲಿನ ಹತ್ತು ಬೀದಿಗಳ ಚರಂಡಿಗಳು ಎಲ್ಲಿ ಹುಟ್ಟಿ, ಯಾವ ಕಡೆಗೆ ಹರಿದು, ಎಲ್ಲಿ ನಿಲ್ಲುತ್ತವೆ ಎಂಬುದನ್ನು ಒಂದು ತರಗತಿಯ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ದಾಖಲಿಸಬಲ್ಲರು. ಅಂತಹ ದಾಖಲೆ ಕೈಯಲ್ಲಿದ್ದರೆ ಆ ಬೀದಿಗಳ ಜನರು ತಮ್ಮ ಪಾಲಿನ ಕೆಲಸವನ್ನು ಗುರುತಿಸಿಕೊಳ್ಳಬಹುದು. ಪುರಸಭೆಯ ಪಾಲನ್ನು ಲೆಕ್ಕಸಹಿತ ಕೇಳಲೂಬಹುದು.